ಪೈಲಾ ಗುಂಡು

ದಿನಾ ಒರೆಸ್ತಿದ್ದೆ ನಾ.
ಹಿತ್ತಾಳಿ ಸಲಾಕಿ, ಎಣ್ಣಿ, ಅರಿವಿ ತುಂಡು.
ಕಣ್ಣಿಟ್ಟು ನೋಡಿದ್ರ ನಳಿಗಿ ಒಳಗ
ಸುರುಳಿ ಸುರುಳಿ ಬೆಳಕು, ನಟ್ಟ ನಡು ಮಧ್ಯಾಹ್ನ
ಬಾವಿಯಾಗ ಬಿಸಿಲು ಇಳದಂಗ.
ಅವ್ವ ಕಲಿಸಿದ್ದು ಅದೇ: ಉಂಡ ಗಂಗಾಳ ಎಂಜಲಿರಬಾರದು.

ನಮ್ಮ ಆರ್ಮರರ್ ಮಶಾಕಸಾಬ್
ಎರಡು ವರ್ಷ ತುಟಿ ಬಿಚ್ಚಲಿಲ್ಲ.
ಕಲಬುರಗಿ ಪೊಲೀಸ್ ಲೈನಿನ್ಯಾಗ ಫರಸಿ ಕಟ್ಟಿ ಮ್ಯಾಲ ಕುಂತು
ಬಸಿಗೆ ಚಹಾ ಸುರುವಿಕೊಂಡು ನೋಡ್ತಿದ್ರು, ಅಷ್ಟೇ.

ವಲಯದ ಸ್ಪರ್ಧಿ ದಿನ,
ಹಿಂದಿನ ರಾತ್ರಿ ಹನ್ನೊಂದರತನ ತಿಕ್ಕಿದ ರೈಫಲ್ಲು:
ಪೈಲಾ ಗುಂಡು ಏಳರ ಗೆರಿಗೆ, ಬಲಕ್ಕ, ಮ್ಯಾಲ.
ಎರಡನೇದು ಎಂಟು.
ಆರನೇದು ಹತ್ತು. ಅಷ್ಟೊತ್ತಿಗೆ ಪದಕ
ಬೀದರದ ಹುಡುಗಿ ಕೊಳ್ಳಾಗ ಬಿದ್ದಿತ್ತು.

"ನೀಲಗಂಗಾ, ತಿಕ್ಕಿ ತೊಳೆದ ಹಂಚಿನ್ಯಾಗ
ಪೈಲಾ ರೊಟ್ಟಿ ನೆಟ್ಟಗ ಏಳ್ತದೇನವಾ?
ನಳಿಗಿಗೂ ಒಂದೀಟು ಮಸಿ ಬೇಕು."
ಎಷ್ಟು?
"ನನಗ್ಯಾಕ ಕೇಳ್ತಿ. ಗುರಿ ಕಾಗದಕ್ಕ ಕೇಳು."

ವಹಿ ಹಾಕಿದೆ.
ತೊಳೆದ ಮ್ಯಾಲ ಐದು, ಊರು ತಿರುಗೋ ಹುಡುಗ್ರು.
ಆರರಿಂದ ನೂರಾ ನಲವತ್ತರತನ
ಒಂದು ರೂಪಾಯಿ ಬಿಲ್ಲಿ ಅಡಿ ಮುಚ್ಚಬಹುದು.
ನೂರಾ ಅರವತ್ತಕ್ಕ
ಜೋಳದ ಅರಳು ಸಿಡಿದಂಗ, ಅತ್ಲಾಗೊಂದು ಇತ್ಲಾಗೊಂದು.
ಇದು ನನ್ನ ರೈಫಲ್ಲಿನ ಲೆಕ್ಕ. ಬಾಜೂದ್ದು ಎಂಬತ್ತಕ್ಕೇ ಮುನಿಸಿಕೊಳ್ತದ.
ಮೇ ತಿಂಗಳ ನಲವತ್ಮೂರು ಡಿಗ್ರಿಗೆ ಇನ್ನೊಂದು,
ಗುಂಡಿನ ಡಬ್ಬಿ ಬದಲಾದ್ರ ಮತ್ತ ಒಂದರಿಂದ.
ಮಳಿಗಾಲದಾಗ ಮಾತ್ರ ಲೆಕ್ಕಿಲ್ಲ ಗಿಕ್ಕಿಲ್ಲ,
ಹಾರಿಸ್ಲಿ ಬಿಡ್ಲಿ, ಎಣ್ಣಿ. ತುಕ್ಕು ನಿನ್ನ ವಹಿ ಓದಂಗಿಲ್ಲ.

ಆಮ್ಯಾಲ ಕೈ ಹಿಡಿದು ತೋರಿಸಿದ್ರು:
ಸಲಾಕಿ ಹಿಂದಿಂದ ಹೋಗಬೇಕು.
ಬಾಯಿಗೆ ಕೂದಲೆಳಿ ಗೀರು ಬಿದ್ರ ಸಾಕು, ಮಾತೆಲ್ಲ ಸೊಟ್ಟ.
"ಹಾರಿಸಿ ಕೆಟ್ಟ ಬಂದೂಕು ಕಡಿಮಿ ನೋಡೀನಿ,
ಒರೆಸಿ ಒರೆಸಿ ಕೆಟ್ಟಿದ್ದು ಭಾಳ."
ಅವರದೇ ಹಳೀ ಲುಂಗಿ, ಚೌಕ ಚೌಕ ಕತ್ತರಿಸಿದ್ದು,
ಹೊರಗ ಬಂತು ತಾಮ್ರದ ಹಸಿರು ಹಚ್ಚಿಕೊಂಡು.
ಮೂಗಿಗಿಟ್ಟು ಮೂಸಿದ್ರು, ಹಕೀಮನಂಗ.

ಅವರು ಪೆನ್ಷನ್ನಿಗೆ ಹೋದ್ರು, ಆಳಂದ ಕಡಿ.
ಹೊಸಾ ಸಾಹೇಬ ಗ್ವಾಡಿಗೆ ಹುಕುಂ ಅಂಟಿಸ್ಯಾನ:
ಪ್ರತಿದಿನ ನಳಿಗೆ ಸ್ವಚ್ಛಗೊಳಿಸಿ ಸಹಿ ಮಾಡತಕ್ಕದ್ದು.
ದಿನಾ ಸಹಿ ಮಾಡ್ಲಕತ್ತೀನಿ.
ಸಲಾಕಿ ಮೊಳಿಗೆ ಒಣಾ ಜೋತು ಬಿದ್ದದ.
ಇಡೀ ನೌಕರಿಯಾಗ ನಂದು ಇದೊಂದೇ ಸುಳ್ಳು,
ಅದರ ಗುರಿ ಮಾತ್ರ
ಹತ್ತಕ್ಕ ಹತ್ತು.