ನಾಡಿದ್ದಿನವರೆಗೆ

ವಾರಕ್ಕೆ ಮೂರೋ ನಾಲ್ಕೋ ವಿಮಾನ. ಉಳಿದ ಹೊತ್ತು
ನೌರುವಿನ ರನ್‌ವೇ ನಮ್ಮದು.
ಸಂಜೆ ಐದಕ್ಕೆ ಬಿಸಿಲು ಸ್ವಲ್ಪ ಸೋತಾಗ
ಯಾರೆನ್ ಕಡೆಯಿಂದ ಒಬ್ಬೊಬ್ಬರೇ ಬರುತ್ತಾರೆ,
ಹೂವಿನಂಗಿ, ರಬ್ಬರ್ ಚಪ್ಪಲಿ,
ಹೊಟ್ಟೆ ಮುಂದೆ, ಮಂಡಿ ಹಿಂದೆ.
ನಾನೂ ಎಜ್ರಾನೂ ಸಮುದ್ರದ ಬದಿ ಹಿಡಿದು ಹೊರಡುತ್ತೇವೆ.

ಇವನು ಐವೋ ಬಂದರಿನಲ್ಲಿ ಇಪ್ಪತ್ತೊಂದು ವರ್ಷ
ಹಡಗಿಗೆ ಫಾಸ್ಫೇಟ್ ಸುರಿಯುವ ಯಂತ್ರದ ಪಕ್ಕ ನಿಂತವನು.
ಯಂತ್ರ ನಿಂತಿತು, ಇವನ ಕಿವಿಯೂ ನಿಂತಿತು.
ಉಪ್ಪು ಎಂದರೆ, ತಪ್ಪು ಯಾರದು ಎನ್ನುತ್ತಾನೆ.
ಕೂಗುತ್ತೇನೆ. ಇನ್ನೂ ಜೋರಾಗಿ ಕೂಗುತ್ತೇನೆ.
ಪಕ್ಕದ ಮನೆಯ ಡಗ್ಮಾರ್, ತನಗೇ ಬೈದೆನೆಂದು
ಕಿಟಕಿ ಮುಚ್ಚಿಕೊಳ್ಳುತ್ತಾಳೆ.

ಬೆರಳು ಚುಚ್ಚಿ, ಹದಿನಾಲ್ಕು ಪಾಯಿಂಟ್ ಎರಡು ತೋರಿಸಿ
ಫಿಜಿಯ ನರ್ಸ್ ಲಿತಿಯಾ ಹೇಳಿದಳು:
ಇನ್ಸುಲಿನ್ ಇಲ್ಲವೆಂದಲ್ಲ, ಅಕ್ಕಾ,
ಇದೆ, ಬೇಕಾದ್ದಕ್ಕಿಂತ ಹೆಚ್ಚೇ ಇದೆ,
ನಿನ್ನ ಸ್ನಾಯುಗಳಿಗೆ ಕಿವಿ ಕೇಳುತ್ತಿಲ್ಲ.

ನಗು ಬಂತು.
ಮನೆಯಲ್ಲಿ ಒಬ್ಬ ಎಜ್ರಾ. ಮೈಯೊಳಗೆ ಲಕ್ಷಗಟ್ಟಲೆ.
ಜಠರದ ಹಿಂದೆ ಅಡಗಿ ಕೂತ ಮೇದೋಜೀರಕ
ವರ್ಷಗಳಿಂದ ಕೂಗಿ ಕೂಗಿ
ಗಂಟಲು ಹರಿದುಕೊಳ್ಳುತ್ತಿದೆಯಂತೆ.
ಪಾಪ. ಅದರ ಕಷ್ಟ ನನಗಲ್ಲದೆ ಯಾರಿಗೆ ಗೊತ್ತು.

ನಡೆ, ಎಂದಳು ಲಿತಿಯಾ.
ನಡೆಯುವ ಕಾಲು ಯಾರ ಕರೆಗೂ ಕಾಯುವುದಿಲ್ಲ,
ಹಿತ್ತಲ ಬಾಗಿಲು ತಾನೇ ತೆರೆದು
ರಕ್ತದ ಬೀದಿಯಲ್ಲಿ ಸುಮ್ಮನೆ ಅಲೆಯುವ ಸಕ್ಕರೆಯನ್ನು
ಒಳಕ್ಕೆ ಎಳೆದುಕೊಳ್ಳುತ್ತದೆ.
ಚಪ್ಪಲಿ ಬಿಟ್ಟ ಮೇಲೂ, ದೀಪ ಆರಿಸಿದ ಮೇಲೂ
ಅದಕ್ಕೆ ಕಿವಿ ಚುರುಕು, ಪಿಸುಮಾತೂ ಕೇಳುತ್ತದೆ
ನಾಳೆವರೆಗೆ. ಹೆಚ್ಚೆಂದರೆ ನಾಡಿದ್ದಿನವರೆಗೆ.

ಅಷ್ಟೇನಾ? ಎಂದೆ.
ಅಷ್ಟೇ. ಕೂಡಿಡಲು ಬರುವುದಿಲ್ಲ.

ಕೂಡಿಡುವ ಮಾತು ಈ ದ್ವೀಪದಲ್ಲಿ ಆಡಬಾರದು.
ಮಣ್ಣು ಹಣವಾಗುತ್ತಿದ್ದ ಕಾಲದಲ್ಲಿ
ನಮ್ಮಪ್ಪ ಎದುರು ಮನೆಗೂ ಕಾರಿನಲ್ಲಿ ಹೋಗುತ್ತಿದ್ದ.
ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು,
ಎಡಗಾಲನ್ನು ಮರುವರ್ಷ.
ಕಾರು ಇನ್ನೂ ಹಿತ್ತಲಲ್ಲಿದೆ,
ಚಾಲಕನ ಸೀಟಿನಲ್ಲಿ ಕೋಳಿ ಕಾವು ಕೂರುತ್ತದೆ.

ಮೊದಲ ದಿನ ಗಾಳಿಚೀಲದ ಕಂಬದವರೆಗೂ ಆಗಲಿಲ್ಲ,
ಕಲ್ಲಿನ ಮೇಲೆ ಕೂತು ಲಿತಿಯಾಳನ್ನು ಬೈದೆ.
ತಿಂಗಳಾದ ಮೇಲೆ ಕಂಬ ದಾಟಿದೆ.
ಮೂರನೆಯ ತಿಂಗಳು ಎಂಟು ಪಾಯಿಂಟ್ ಒಂಬತ್ತು.
ಹಾಗೆಂದು ಅದು ಸಾಧು ಲೆಕ್ಕವಲ್ಲ:
ಕೆಲವು ದಿನ ಎರಡು ಸುತ್ತು ಹಾಕಿದರೂ ಹನ್ನೊಂದು,
ಯಾಕೆಂದು ಯಂತ್ರ ಹೇಳುವುದಿಲ್ಲ.
ಬೋಯೆಯಲ್ಲಿ ಅತ್ತಿಗೆಯ ಸಾವಿಗೆ
ನಾಲ್ಕು ದಿನ ಕೂತೆವು, ಅತ್ತೆವು, ಅನ್ನ ತಿಂದೆವು.
ಐದನೆಯ ಬೆಳಿಗ್ಗೆ
ಮೈ ಎಲ್ಲ ಮರೆತು ಮತ್ತೆ ಕಿವುಡು.

ಇವತ್ತು ವಿಮಾನವಿದೆ. ಸೈರನ್ ಕೂಗುವ ಮೊದಲೇ
ಎಜ್ರಾ ತಡೆದು ನಿಲ್ಲುತ್ತಾನೆ.
ಅಂಗಾಲಿಗೆ ತಿಳಿಯುತ್ತದಂತೆ.
ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸೆಳೆಯುತ್ತಾನೆ,
ಎಲ್ಲ ಸಿಹಿಮೂತ್ರದವರೂ ಸಾಲಾಗಿ ನಿಂತು
ಬ್ರಿಸ್ಬೇನಿನ ಹೊಗೆ ಕುಡಿಯುತ್ತೇವೆ.
ಗೇಟು ತೆರೆಯುತ್ತದೆ. ಇನ್ನೂ ಅರ್ಧ ಸುತ್ತು ಬಾಕಿ.

ರಾತ್ರಿ ಊಟಕ್ಕೇನು? ಕೇಳುತ್ತಾನೆ.
ಮೀನು, ಎನ್ನುತ್ತೇನೆ ಕೂಗದೆ, ಅರ್ಧ ಬಾಳೆ.
ನಾಳೆಯಾ? ಎನ್ನುತ್ತಾನೆ.
ಹೂಂ, ನಾಳೆಯೂ.