ಹೊನ್ನೆ ಕೊಯ್ದ ದಿನ

ಹುಣಸೂರಿನ ಮಿಲ್ಲಿನಲ್ಲಿ ಬುಡೇನ್ ಸಾಬರಿಗೆ
ಕಣ್ಣಿಗಿಂತ ಕಿವಿ ಮುಂದು.
ದಿಮ್ಮಿ ಅರ್ಧ ದಾಟಿತ್ತು,
ಗರಗಸದ ದನಿ ಕೂದಲೆಳೆಯಷ್ಟು ಬದಲಾಯಿತು.
'ನಿಲ್ಸ್ಲಾ!'
ನಾನು ಸ್ವಿಚ್ಚು ಮುಟ್ಟುವಷ್ಟರಲ್ಲಿ
ಮೂರು ಹಲ್ಲು ಹೋಗಿದ್ದವು.

ಒಳಗೆ ಮೊಳೆ.
ಯಾರೋ, ಯಾವ ಕಾಲಕ್ಕೋ ಹೊಡೆದದ್ದು,
ಬಾಗಿದೆ.
ಮರ ಅದರ ಮೇಲೆ ಸುತ್ತು ಸುತ್ತು ಬೆಳೆದು
ಮರೆತಿತ್ತು ಅಂದುಕೊಂಡೆ.
ಸುತ್ತ ಒಂದು ಗೇಣು
ಮಸಿ ಕುಡಿಕೆ ಉರುಳಿದ ಹಾಗೆ ಕಪ್ಪು.

ಕೊಯ್ದ ಹಲಗೆಗಳನ್ನು ಮಂಚಮ್ಮ
ಗೋಡೆಗೊರಗಿಸಿ ನಾರಿನ ಬ್ರಷ್ಷಿನಲ್ಲಿ ಉಜ್ಜುತ್ತಾಳೆ,
ಎಳೆ ಹಿಡಿದು, ಅಡ್ಡಡ್ಡ ಅಲ್ಲ.
ಪುಡಿ ಉಳಿದರೆ ಬೂಷ್ಟು,
ನಡುವೆ ರೀಪು ಇಡದಿದ್ದರೆ ಸೊಟ್ಟ,
ಬಿಸಿಲಿಗಿಟ್ಟರೆ ಸೀಳು:
ಇದೆಲ್ಲ ನನಗೆ ಕಲಿಸಿದವಳು ಅವಳೇ,
ಬೈಗುಳದ ಸಮೇತ.

ಆ ಕಪ್ಪು ಮಾತ್ರ ಹೋಗಲಿಲ್ಲ.
ಉಜ್ಜಿದಳು. ಒದ್ದೆ ಬಟ್ಟೆ ಹಾಕಿದಳು.
ಗಾಜಿನ ಚೂರಲ್ಲಿ ಹೆರೆದಳು.
'ಬಿಡಕ್ಕ, ಪೇಂಟ್ ಹೊಡೀತಾರೆ' ಎಂದೆ.
ಅವಳು ನನ್ನ ಕಡೆ ನೋಡಲಿಲ್ಲ,
ಬಾಗಿದ ಮೊಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.
'ಎಮ್ಮೆ ಕಟ್ಟಿರ್ಬೇಕು ಕನಾ.
ಕರ ಎಲ್ಲಿತ್ತೋ,
ಯಾವ್ ಪಾಟಿ ಎಳ್ದದೆ ನೋಡು.'

ಸಾಹುಕಾರರು ಬಂದರು,
ಆ ಹಲಗೆಗೆ ಸೀಮೆಸುಣ್ಣದಲ್ಲಿ
ಎರಡನೇ ದರ್ಜೆ ಎಂದು ಬರೆದು ಹೋದರು.

ಸಂಜೆ ತೊಟ್ಟಿಯಲ್ಲಿ ಕೈ ತೊಳೆದೆವು.
ಹೊನ್ನೆಪುಡಿ ಬಿದ್ದ ನೀರು
ಇಳಿಬಿಸಿಲಿಗೆ ನೀಲಿಯಾಯಿತು, ಎಂದಿನಂತೆ.
ಮಂಚಮ್ಮ ಸೆರಗಿನಲ್ಲಿ ಮುಖ ಒರೆಸಿ
ಐದೂವರೆಯ ಬಸ್ಸಿಗೆ ಓಡಿದಳು.

ಬುಡೇನ್ ಸಾಬರು ಇನ್ನೂ ಅಲ್ಲೇ,
ಮಡಿಲಲ್ಲಿ ಗರಗಸದ ಪಟ್ಟಿ, ಕೈಯಲ್ಲಿ ಅರ,
ಒಂದೊಂದೇ ಹಲ್ಲು ಮಸೆಯುತ್ತ.
ಮೊಳೆ ಅವರ ಜೇಬಿನಲ್ಲಿತ್ತು.
ಯಾಕೋ, ಎಸೆದಿರಲಿಲ್ಲ.