ಹನ್ನೆರಡನೆಯ ತೊಲೆ

ಬೀಗದ ಕೈ ನನ್ನಲ್ಲಿದೆ, ಅದಕ್ಕೇ ಕರೆಸಿದ್ದು.
ನಾರ್ವೆಯಿಂದ ಬಂದ ಹುಡುಗಿ, ಟೋರುನ್ ಅಂತ ಹೆಸರು,
ಕತ್ತೆತ್ತಿ ಸೂರನ್ನೇ ನೋಡುತ್ತಿದ್ದಳು.
ಕೇಳದಿದ್ದರೂ ಹೇಳಿದೆ:
ಇವು ಸ್ಪೇನಿನ ಹಡಗಿನ ತೊಲೆಗಳು,
ಕ್ರೋಮಾರ್ಟಿ ಕೊಲ್ಲಿಯ ಬಾಯಲ್ಲಿ
ಬಿರುಗಾಳಿಗೆ ಬಡಿದು ಒಡೆದದ್ದು.
ನನ್ನಜ್ಜ ಹೇಳಿದ್ದ. ಅವನಿಗೆ ಅವನಜ್ಜ.

ನಕ್ಕಳೇ? ಇಲ್ಲ. ಏಣಿ ಕೇಳಿದಳು.

ಕೊರೆಯುವಾಗ ಬಂತು ವಾಸನೆ:
ಎಷ್ಟೋ ತಲೆಮಾರಿನ ಬಾರ್ಲಿ ದೂಳಿನೊಳಗಿಂದ
ಹಸಿ ಅಂಟು, ಈಗ ತಾನೇ ಗಾಯವಾದ ಹಾಗೆ.
ಪೆನ್ಸಿಲ್ ದಪ್ಪದ ಕಡ್ಡಿಯೊಂದು ಹೊರಬಂತು,
ಮೈತುಂಬ ಗೆರೆ.
ಅಗಲದ ಗೆರೆ ಒಳ್ಳೆಯ ಬೇಸಿಗೆ, ಅಂದಳು,
ಕಿರಿದಾದದ್ದು ಕೆಟ್ಟದ್ದು.
ನಮ್ಮಮ್ಮನ ಹಣೆಯಲ್ಲಿ ಇದು ತಿರುಗಾಮುರುಗಾ,
ಅಂದುಕೊಂಡೆ, ಹೇಳಲಿಲ್ಲ.

ಚಳಿಗಾಲ ಕಳೆದು ಕಾಗದ ಬಂತು.
ಹಡಗಿನದಲ್ಲ. ಸ್ಪೇನಿನದಲ್ಲ. ಓಕ್ ಕೂಡ ಅಲ್ಲ.
ಪೈನ್; ಸಮುದ್ರದಾಚೆಯ ಒಂದು ಕಣಿವೆಯದು.
‘ನನ್ನ ತಾಯಿಯ ಊರಿಂದ ಎರಡೇ ಗುಡ್ಡ ಆಚೆ’
ಎಂದು ಅಂಚಿನಲ್ಲಿ ಕೈಬರಹ.
ಹನ್ನೊಂದು ಮರ ಒಂದೇ ಚಳಿಗಾಲ ಉರುಳಿ,
ಹಿಮದ ಮೇಲೆ ಜಾರಿ, ಕರಗಿದ ಹೊಳೆಯಲ್ಲಿ ತೇಲಿ
ಇಲ್ಲಿ ಬಂದಿಳಿದವು. ಅದೇ ಹಡಗು ಮರಳುವಾಗ
ನಮ್ಮ ಬಾರ್ಲಿ ತುಂಬಿಕೊಂಡು ಹೋಗಿರಬೇಕು.
ನಮ್ಮದು ಅಂದೆನೇ? ಗೇಣಿಯದು. ಧಣಿಯದು.
ಕೊಳಗದಲ್ಲಿ ಅಳೆದು ಸುರಿದ ಮೇಲೆ
ನಮ್ಮದೇನಿತ್ತು, ಬೆನ್ನುನೋವು ಬಿಟ್ಟರೆ.

ಕೊನೆಯ ಪುಟದಲ್ಲಿ ಇನ್ನೊಂದು ಮಾತು:
ಎಲ್ಲ ಕಡ್ಡಿಯಲ್ಲೂ, ತೊಗಟೆಗೆ ಸ್ವಲ್ಪ ಒಳಗೆ,
ಸಾಲಾಗಿ ನಾಲ್ಕು ಗೆರೆ, ಕೂದಲೆಳೆಯಷ್ಟು.
ಬಿಸಿಲೇ ಬೀಳದ ನಾಲ್ಕು ಬೇಸಿಗೆ.
ಆ ವರ್ಷಗಳು ನನಗೆ ಗೊತ್ತು. ಇಗರ್ಜಿಯ ಪುಸ್ತಕದಲ್ಲಿ
ನಮ್ಮ ವಾಸ್ ಮನೆತನದ ಏಳು ಹೆಸರು,
ಐದು ಮಕ್ಕಳವು. ಒಂದೇ ಶಾಯಿ, ಒಂದೇ ಕೈ.
ಅಲ್ಲಿ ಮರ ಹಸಿದಾಗ ಇಲ್ಲಿ ಇವರು.
ಮರ ಬದುಕಿತು.
ಐದನೆಯ ವರ್ಷ ಮತ್ತೆ ಮೈ ಹಿಡಿದು,
ಕಡಿಸಿಕೊಂಡು, ಕಡಲು ದಾಟಿ ಬಂದು
ಧಣಿಯ ಕಾಳಿಗೆ ಸೂರು ಹೊತ್ತು ನಿಂತಿತು.
ಅದರದೇನು ತಪ್ಪು.

ಬಾಗಿಲ ಪಕ್ಕದ ಹನ್ನೆರಡನೆಯದು, ಹುಳ ಹಿಡಿದದ್ದು,
ಯಾವ ಕಾಡಿಗೂ ಹೊಂದಲಿಲ್ಲವಂತೆ.
‘ಮೂಲ ತಿಳಿಯದು.’

ಸಂಜೆ ಹೋಗಿ ಅದರ ಮೇಲೊಮ್ಮೆ ಕೈಯಾಡಿಸಿದೆ.
ಇದೊಂದು ಅಜ್ಜನಿಗಿರಲಿ,
ಬಿರುಗಾಳಿ, ಸ್ಪೇನು, ಎಲ್ಲ.
ಬೀಗ ಹಾಕಿದೆ.